ದಿನಸಿ ವ್ಯಾಪಾರಿ ಕಟ್ಟಿದ ಚಿತ್ರಶಾಲೆ

ನ್ಯೂಜೆರ್ಸಿಯ ಮಗನ ಮನೆಗೋ ಮಗಳ ಮನೆಗೋ ಹೋದ ನಮ್ಮ ಹಿರಿಯರಿಗೆ ನ್ಯೂಯಾರ್ಕ್ ತೋರಿಸುವ ಕ್ರಮ ಹೆಚ್ಚುಕಡಿಮೆ ನಿಗದಿಯಾಗಿಬಿಟ್ಟಿದೆ: ಲಿಬರ್ಟಿ ಪ್ರತಿಮೆ, ಟೈಮ್ಸ್ ಸ್ಕ್ವೇರ್, ಸೆಂಟ್ರಲ್ ಪಾರ್ಕ್, ಮೊಮ್ಮಕ್ಕಳ ಹಟಕ್ಕೆ ಡೈನೋಸಾರ್ ಮ್ಯೂಸಿಯಂ. ಆ ಮ್ಯೂಸಿಯಂನಿಂದ ಹೊರಬಿದ್ದು 77ನೇ ಬೀದಿ ದಾಟಿದರೆ ಇನ್ನೊಂದು ಕಲ್ಲುಕಟ್ಟಡ ಸಿಗುತ್ತದೆ. ಅದರೊಳಗೆ ಕಾಲಿಡುವ ಪ್ರವಾಸಿಗರು ಕಡಿಮೆ. 1804ರಲ್ಲಿ ಶುರುವಾಗಿ, 2024ರವರೆಗೆ ನ್ಯೂಯಾರ್ಕ್ ಹಿಸ್ಟಾರಿಕಲ್ ಸೊಸೈಟಿ ಎಂಬ ಹೆಸರಿದ್ದ ಸಂಸ್ಥೆ ಇರುವುದು ಅಲ್ಲಿ. ಆ ನಗರದ ಅತ್ಯಂತ ಹಳೆಯ ಮ್ಯೂಸಿಯಂ ಅದು.

ಇತಿಹಾಸ ಸಂಘವೆಂದರೆ ಹಳೆಯ ಕಾಗದಪತ್ರ, ನಕ್ಷೆ, ದಸ್ತಾವೇಜು ಎಂದುಕೊಳ್ಳುತ್ತೇವೆ. ಅವೂ ರಾಶಿಗಟ್ಟಲೆ ಇವೆ. ಆದರೆ ಗೋಡೆ ತುಂಬ ಬೆಟ್ಟ, ಹೊಳೆ, ಮೋಡ ತುಂಬಿದ ಚಿತ್ರಗಳೂ ಇವೆಯಲ್ಲ, ಅವುಗಳಲ್ಲಿ ಮುಖ್ಯವಾದವು ಬಂದದ್ದು ಒಬ್ಬ ಸಗಟು ದಿನಸಿ ವ್ಯಾಪಾರಿಯ ಮನೆಯಿಂದ. ಅವನ ಹೆಸರು ಲೂಮನ್ ರೀಡ್. 1825ರಲ್ಲಿ ಈರಿ ಕಾಲುವೆ ತೆರೆದ ಮೇಲೆ ಒಳನಾಡಿನ ಸರಕೆಲ್ಲ ಹಡ್ಸನ್ ನದಿಯ ಮೇಲೆ ನ್ಯೂಯಾರ್ಕಿಗೆ ಇಳಿಯತೊಡಗಿತು, ರೀಡನಂಥವರು ಸಿರಿವಂತರಾದರು. ಮೊದಮೊದಲು ಅವನೂ ಎಲ್ಲ ಹೊಸ ಶ್ರೀಮಂತರಂತೆ ಯುರೋಪಿನ ಹಳೆಯ ಕಲಾವಿದರದ್ದೆಂದು ಮಾರುತ್ತಿದ್ದ ಚಿತ್ರಗಳನ್ನು ಕೊಂಡ. ಆಮೇಲೆ ಅವುಗಳ ಮೇಲಿನ ನಂಬಿಕೆ ಹೋಗಿ, ತನ್ನ ನೆಲದಲ್ಲೇ ಚಿತ್ರ ಬರೆಯುತ್ತಿದ್ದವರ ಕಡೆ ತಿರುಗಿದ. ಗ್ರೀನಿಚ್ ಬೀದಿಯ ಮನೆಯ ಮೂರನೇ ಅಂತಸ್ತನ್ನು ಚಿತ್ರಶಾಲೆ ಮಾಡಿ, ವಾರಕ್ಕೊಂದು ದಿನ ಜನರಿಗೆ ತೆರೆದಿಟ್ಟ. ಬಾಗಿಲ ಹಲಗೆಗಳ ಮೇಲೂ ಕಲಾವಿದರಿಂದ ಚಿತ್ರ ಬರೆಸಿದ.

ಅವನು ಬೆಂಬಲಿಸಿದವರಲ್ಲಿ ಮುಖ್ಯ ಥಾಮಸ್ ಕೋಲ್. ಇಂಗ್ಲೆಂಡಿನ ಲ್ಯಾಂಕಾಷೈರಿನ ಕಾರ್ಖಾನೆ ಊರಿನಲ್ಲಿ ಹುಟ್ಟಿ 1818ರಲ್ಲಿ ಅಮೆರಿಕಕ್ಕೆ ಬಂದವನು. 1825ರಲ್ಲಿ ಹಡ್ಸನ್ ನದಿಗುಂಟ ಮೇಲೆ ಹೋಗಿ ಕ್ಯಾಟ್‌ಸ್ಕಿಲ್ ಬೆಟ್ಟಗಳನ್ನು ಬರೆದ. ಮುಂದೆ ಹಡ್ಸನ್ ನದಿ ಪಂಥವೆಂದು ಕರೆಸಿಕೊಂಡ ಚಿತ್ರಕಾರರ ಸಾಲು ಅಲ್ಲಿಂದ ಹೊರಡುತ್ತದೆ. ನೋಟುಗಳ ಕೆತ್ತನೆಯ ಹಿನ್ನೆಲೆಯ ಆಶರ್ ಡ್ಯುರಾಂಡ್ ಕುಂಚ ಹಿಡಿಯಲೂ ರೀಡನ ಒತ್ತಾಸೆಯೇ ಕಾರಣ.

ಇಲ್ಲಿ ನೋಡಲೇಬೇಕಾದದ್ದು ರೀಡನಿಗಾಗಿ ಕೋಲ್ ಬರೆದ ಐದು ಚಿತ್ರಗಳ ಮಾಲೆ, ‘ದಿ ಕೋರ್ಸ್ ಆಫ್ ಎಂಪೈರ್’. ಒಂದೇ ಕಣಿವೆ, ಒಂದೇ ಕೊಲ್ಲಿ. ಶಿಖರದ ತುದಿಯಲ್ಲಿ ಈಗಲೋ ಆಗಲೋ ಬೀಳುವಂತೆ ಕೂತ ಒಂದು ಬಂಡೆ ಐದರಲ್ಲೂ ಇದೆ. ಅದನ್ನು ಹುಡುಕಿಕೊಂಡರೆ ಮಾತ್ರ ಜಾಗ ಒಂದೇ ಎಂದು ಗೊತ್ತಾಗುವುದು. ಮೊದಲನೆಯದು ಮುಂಜಾವು: ಜಿಂಕೆಯ ಬೆನ್ನಟ್ಟಿದ ಬೇಟೆಗಾರ. ಎರಡನೆಯದರಲ್ಲಿ ಕುರಿ ಮೇಯಿಸುವವರು, ನೆಲದ ಮೇಲೆ ಗೆರೆ ಎಳೆಯುತ್ತ ಲೆಕ್ಕದಲ್ಲಿ ಮುಳುಗಿದ ಮುದುಕ. ಮೂರನೆಯದು ನಡುಮಧ್ಯಾಹ್ನ, ಅಮೃತಶಿಲೆಯ ನಗರ, ಗೆದ್ದು ಬಂದವನ ಮೆರವಣಿಗೆ. ನಾಲ್ಕನೆಯದರಲ್ಲಿ ಅದೇ ನಗರಕ್ಕೆ ಬೆಂಕಿ, ಕೊಲೆ. ಐದನೆಯದರಲ್ಲಿ ಚಂದ್ರ ಮೂಡಿದ್ದಾನೆ, ಒಂಟಿ ಕಂಬದ ತುದಿಯಲ್ಲಿ ಹಕ್ಕಿ ಗೂಡು ಕಟ್ಟಿದೆ.

ಹಂಪಿ ಕಂಡವರಿಗೆ ಐದನೆಯದು ಹೊಸತೆನಿಸಲಾರದು. ಎಲ್ಲಕ್ಕಿಂತ ದೊಡ್ಡ ಕ್ಯಾನ್ವಾಸ್ ಮೂರನೆಯದಕ್ಕೆ. ಚಿತ್ರವಾಗಿ ನನಗೆ ಅದೇ ತೀರ ಸಪ್ಪೆ. ಜನ, ಕಂಬ, ಬಾವುಟ ಎಂದು ಕಣ್ಣಿಗೆ ಎಲ್ಲೂ ಬಿಡುವಿಲ್ಲ. ಕೋಲ್‌ಗೂ ಬೇಕಿದ್ದದ್ದು ಆ ಉಸಿರುಗಟ್ಟುವಿಕೆಯೇ ಇರಬಹುದು. ಆದರೆ ಮುಂಭಾಗದ ನೀರಿನಲ್ಲಿ ಆಟದ ದೋಣಿ ಬಿಡುತ್ತಿರುವ ಇಬ್ಬರು ಮಕ್ಕಳನ್ನು ನೋಡಿ. ಒಬ್ಬ ಇನ್ನೊಬ್ಬನ ದೋಣಿಯನ್ನು ಮುಳುಗಿಸುತ್ತಿದ್ದಾನೆ. ನಾಲ್ಕನೆಯ ಚಿತ್ರ ಅಲ್ಲೇ ಶುರುವಾಗಿದೆ.

ಮಾಲೆ ಮುಗಿಯುವ ಮೊದಲೇ, 1836ರ ಜೂನ್‌ನಲ್ಲಿ ರೀಡ್ ತೀರಿಕೊಂಡ. ರೀಡನ ಮನೆಯವರ ಒತ್ತಾಯದಿಂದ ಕೋಲ್ ಕೆಲಸ ಪೂರೈಸಿದ. ಅದೇ ವರ್ಷ, ರೀಡ್ ಇನ್ನೂ ಬದುಕಿದ್ದಾಗ, ಕ್ಯಾಟ್‌ಸ್ಕಿಲ್‌ನ ತನ್ನ ಮನೆಯ ಬಳಿಯ ಕಣಿವೆಯಲ್ಲಿ ಮರ ಕಡಿಯುತ್ತಿದ್ದಾರೆಂದು ಅವನು ರೀಡನಿಗೇ ಕಾಗದ ಬರೆದು ಹಲುಬಿದ್ದ. ಅಲ್ಲಿ ರೈಲುಹಾದಿ ಬರುವುದಿತ್ತು. ಕಾಲುವೆಯ ವ್ಯಾಪಾರದಿಂದ ಬಂದ ದುಡ್ಡು ಕಾಡಿನ ಚಿತ್ರವನ್ನು ಬರೆಸುತ್ತಿದ್ದ ಹೊತ್ತಿಗೆ ಅದೇ ವ್ಯಾಪಾರದ ಭರ ಕಾಡನ್ನು ಕಡಿಸುತ್ತಿತ್ತು. ಈ ಚಿತ್ರಗಳು ಕಲಾಸಂಗ್ರಹಾಲಯಕ್ಕಿಂತ ಇತಿಹಾಸ ಸಂಘದಲ್ಲಿರುವುದೇ ಸರಿ ಎಂದು ನನಗನ್ನಿಸುವುದು ಇದಕ್ಕೆ. ಅಂದಹಾಗೆ, ರೀಡನ ಗೆಳೆಯರು 1844ರಲ್ಲಿ ಸಂಗ್ರಹವನ್ನು ಸಾರ್ವಜನಿಕ ಗ್ಯಾಲರಿಯಾಗಿಸಿದರು. ಅದು ನೆಲೆ ನಿಲ್ಲಲಿಲ್ಲ. 1858ರಲ್ಲಿ ಎಲ್ಲವೂ ಸೊಸೈಟಿಯ ಪಾಲಾಯಿತು.

ಐದು ವರ್ಷಗಳ ನಂತರ ಇನ್ನೊಂದು ನಿಧಿ ಸೇರಿತು. ಹಕ್ಕಿಗಳ ಚಿತ್ರಕಾರ ಜಾನ್ ಜೇಮ್ಸ್ ಆಡುಬಾನ್‌ನ ಮೂಲ ಜಲವರ್ಣಗಳನ್ನು ಅವನ ವಿಧವೆ ಲೂಸಿಯಿಂದ ಸೊಸೈಟಿ ಕೊಂಡಿತು. ಹಕ್ಕಿಯನ್ನು ಅದರ ನಿಜ ಗಾತ್ರದಲ್ಲೇ ಬರೆಯಬೇಕೆಂಬುದು ಅವನ ಹಟ. ಹಾಗಾಗಿ ಎಷ್ಟೇ ದೊಡ್ಡ ಹಾಳೆಯಾದರೂ ರಾಜಹಂಸ ಕತ್ತು ಬಗ್ಗಿಸಲೇಬೇಕಾಯಿತು. ಬೆಳಕಿಗೆ ಬಣ್ಣ ಮಾಸುವುದರಿಂದ ಕೆಲವನ್ನಷ್ಟೇ ಸರದಿಯಂತೆ ಹೊರಗಿಡುತ್ತಾರೆ.

ಕೋಲ್‌ನ ಮೊದಲ ಚಿತ್ರದ ಬಗ್ಗೆ ಒಂದು ತಕರಾರು ಹೇಳಲೇಬೇಕು. ಅಲ್ಲಿನ ಬೇಟೆಗಾರರ ಗುಡಾರಗಳು ಅಮೆರಿಕದ ಮೂಲನಿವಾಸಿಗಳವು. ಅವರನ್ನು ಕಥೆಯ ಆರಂಭದಲ್ಲೇ ಬಿಟ್ಟು ಮುಂದೆ ಸಾಗುತ್ತಾನೆ. ಆದರೆ 1830ರ ಕಾಯ್ದೆಯ ಬಲದಿಂದ ಅವರನ್ನು ಅವರ ನೆಲದಿಂದ ಹೊರದಬ್ಬುತ್ತಿದ್ದದ್ದು ಅದೇ ದಶಕದಲ್ಲಿ. ಸೊಸೈಟಿ ಈ ಪ್ರಶ್ನೆಯನ್ನು ತಾನೇ ಎತ್ತಿಕೊಂಡಿತು: ಚೆರೊಕೀ ಸಮುದಾಯದ ಕಲಾವಿದೆ ಕೇ ವಾಕಿಂಗ್‌ಸ್ಟಿಕ್ ಬರೆದ ನಿಸರ್ಗಚಿತ್ರಗಳನ್ನು 2023ರಲ್ಲಿ ಹಡ್ಸನ್ ಪಂಥದ ಚಿತ್ರಗಳ ಜೊತೆಯಲ್ಲೇ ತೂಗುಹಾಕಿತು. ಬೆಟ್ಟ, ಕಣಿವೆಗಳ ಮೇಲೆ ಆಯಾ ನೆಲದ ಬುಡಕಟ್ಟಿನ ವಿನ್ಯಾಸಗಳನ್ನು ಆಕೆ ಬರೆಯುತ್ತಾರೆ. ಖಾಲಿ ಕಾಡು ಎಂಬ ಭ್ರಮೆ ಅಲ್ಲಿ ನಿಲ್ಲುವುದಿಲ್ಲ.

ಕೋಲ್‌ನ ಮಾಲೆ ಆಗಾಗ ಹೊರದೇಶದ ಪ್ರದರ್ಶನಗಳಿಗೂ ಹೋಗುವುದುಂಟು, 2018ರಲ್ಲಿ ಲಂಡನ್ನಿಗೆ ಹೋಗಿತ್ತು. ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಇನ್ನೊಂದು ದಿನ ಕೈಯಲ್ಲಿದ್ದರೆ ಪೆನ್ ಸ್ಟೇಷನ್ನಿನಿಂದ ಹಡ್ಸನ್ ಎಂಬ ಊರಿಗೆ ರೈಲಿದೆ. ಅಲ್ಲಿಂದ ಸೇತುವೆ ದಾಟಿದರೆ ಕ್ಯಾಟ್‌ಸ್ಕಿಲ್, ಕೋಲ್‌ನ ಮನೆ. ಹೋಗುವಾಗ ಎಡಬದಿಯ ಕಿಟಕಿ ಹಿಡಿಯಿರಿ, ನದಿ ಆ ಕಡೆಗಿದೆ.