ಸಂಚಾರ ಮಾಹಿತಿ: ಬಳಕೆಯಲ್ಲಿ ವಿವೇಕ, ಸೌಲಭ್ಯದಲ್ಲಿ ನ್ಯಾಯ

ಭದ್ರಾವತಿಯ ಫೌಂಡ್ರಿಯೊಂದರಿಂದ ಎರಕದ ಬಿಡಿಭಾಗಗಳನ್ನು ಹೊತ್ತ ಲಾರಿಯೊಂದು ಹೊರಟಾಗ, ಸರಕಿನ ಜೊತೆಯಲ್ಲಿಯೇ ಮಾಹಿತಿಯೂ ಸಾಗುತ್ತದೆ. ಸರಕಿನ ಮೌಲ್ಯ 50,000 ರೂಪಾಯಿ ಮೀರಿದ್ದರೆ ಕಳುಹಿಸುವವರು, ಪಡೆಯುವವರು ಹಾಗೂ ವಾಹನದ ವಿವರಗಳು ಇ-ವೇ ಬಿಲ್ಲಿನಲ್ಲಿ ದಾಖಲಾಗುತ್ತವೆ. ಟೋಲ್ ಕೇಂದ್ರವನ್ನು ದಾಟಿದ ಗಳಿಗೆಯನ್ನು ಫಾಸ್ಟ್ಯಾಗ್ ಗುರುತಿಸಿಕೊಳ್ಳುತ್ತದೆ. ಮಾಲೀಕರು ಅಳವಡಿಸಿದ ಜಿಪಿಎಸ್ ಸಾಧನ, ನಗರದ ವೃತ್ತಗಳಲ್ಲಿರುವ ಸಂಚಾರ ಕ್ಯಾಮೆರಾ, ಚಾಲಕನ ಜೇಬಿನಲ್ಲಿರುವ ಮೊಬೈಲ್ ಇವೆಲ್ಲವೂ ತಮ್ಮ ತಮ್ಮ ಲೆಕ್ಕವನ್ನು ಬರೆದಿಡುತ್ತವೆ. ಹೀಗೆ ವಾಹನ, ಸರಕು ಮತ್ತು ಜನರ ಓಡಾಟದಿಂದ ಹುಟ್ಟುವ ದಾಖಲೆಗಳನ್ನು ಒಟ್ಟಾರೆಯಾಗಿ ಸಂಚಾರ ಮಾಹಿತಿ ಎನ್ನಬಹುದು.

ಈ ಮಾಹಿತಿಯನ್ನು ಸರಿಯಾಗಿ ಬಳಸಿದರೆ ಸಾಗಣೆಯ ವೆಚ್ಚ ತಗ್ಗುತ್ತದೆ, ಹೊಗೆ ಕಡಿಮೆಯಾಗುತ್ತದೆ, ಕಾರ್ಮಿಕರಿಗೆ ಸಕಾಲದಲ್ಲಿ ಬಸ್ಸು ದೊರೆಯುತ್ತದೆ. ವಿವೇಚನೆಯಿಲ್ಲದೆ ಬಳಸಿದರೆ ಲೆಕ್ಕಕ್ಕೆ ಬಾರದವರಿಗೆ ಸೌಲಭ್ಯ ತಪ್ಪುತ್ತದೆ, ವರ್ತಕರ ವ್ಯವಹಾರದ ಗುಟ್ಟು ಬಯಲಾಗುತ್ತದೆ. ಆದುದರಿಂದ ಈ ವಿಷಯವನ್ನು ಕೇವಲ ಗಣಕ ತಜ್ಞರಿಗೆ ಬಿಟ್ಟುಕೊಡದೆ, ವರ್ತಕರೂ ಸಣ್ಣ ಉದ್ದಿಮೆದಾರರೂ ಅರಿತುಕೊಳ್ಳುವುದು ಅವಶ್ಯಕ.

ಮಾಹಿತಿ ಸಂಗ್ರಹದ ಮೂಲಗಳು

ಕಳೆದ ಕೆಲವು ವರ್ಷಗಳಲ್ಲಿ ಈ ದಾಖಲೆಗಳು ಕಾನೂನಿನ ಮೂಲಕವೇ ವ್ಯಾಪಾರದ ಭಾಗವಾಗಿವೆ. 2018ರ ಏಪ್ರಿಲ್ 1ರಂದು ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ ಕಡ್ಡಾಯವಾದಾಗ, ರಾಜ್ಯದೊಳಗಿನ ಸಾಗಣೆಗೂ ಅದೇ ದಿನದಿಂದ ಅದನ್ನು ಜಾರಿಗೊಳಿಸಿದ ರಾಜ್ಯ ಕರ್ನಾಟಕ. ರಾಷ್ಟ್ರೀಯ ಹೆದ್ದಾರಿಗಳ ಟೋಲ್ ಕೇಂದ್ರಗಳಲ್ಲಿ ಫಾಸ್ಟ್ಯಾಗ್ 2021ರ ಫೆಬ್ರವರಿಯಲ್ಲಿ ಕಡ್ಡಾಯವಾಯಿತು. ಅದೇ ವರ್ಷ ಇ-ವೇ ಬಿಲ್ ವ್ಯವಸ್ಥೆಯನ್ನು ಫಾಸ್ಟ್ಯಾಗ್‌ನೊಂದಿಗೆ ಜೋಡಿಸಲಾಯಿತು. 2019ರ ಜನವರಿ 1ರಿಂದ ನೋಂದಣಿಯಾಗುವ ಬಸ್ಸು, ಟ್ಯಾಕ್ಸಿ ಮೊದಲಾದ ಸಾರ್ವಜನಿಕ ಸೇವಾ ವಾಹನಗಳಿಗೆ ಸ್ಥಳ ಸೂಚಕ ಸಾಧನ ಇರಬೇಕೆಂಬ ನಿಯಮವೂ ಬಂದಿತು. ಆಟೋರಿಕ್ಷಾಗಳಿಗೆ ಇದರಿಂದ ವಿನಾಯಿತಿ ಇದೆ.

ಜನರ ಓಡಾಟದ ಬಗೆಗೂ ದೊಡ್ಡ ಪ್ರಮಾಣದ ದಾಖಲೆ ಸಿದ್ಧವಾಗುತ್ತಿದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣಿಸುವ ಮಹಿಳೆಯರಿಗೆ ಶೂನ್ಯ ಮೊತ್ತದ ಟಿಕೆಟ್ ನೀಡಲಾಗುತ್ತದೆ. 2025ರ ಜುಲೈ ವೇಳೆಗೆ ಇಂತಹ ಪ್ರಯಾಣಗಳ ಸಂಖ್ಯೆ 500 ಕೋಟಿಯನ್ನು ಮುಟ್ಟಿತು. ಯಾವ ನಿಲ್ದಾಣದಿಂದ ಯಾವ ನಿಲ್ದಾಣಕ್ಕೆ ಎಷ್ಟು ಮಂದಿ ಹೋದರೆಂಬುದನ್ನು ತಿಳಿಯಲು ಇದಕ್ಕಿಂತ ವಿಸ್ತಾರವಾದ ಮೂಲ ದೊರೆಯುವುದು ಕಷ್ಟ.

ಪ್ರಯೋಜನದ ಮುಖ

ಸಾಗಣೆಯಲ್ಲಿ ಅತಿ ಹೆಚ್ಚು ನಷ್ಟ ತರುವುದು ಖಾಲಿ ವಾಪಸಾಗುವ ಲಾರಿ. ಅದು ಡೀಸೆಲನ್ನು ಸುಡುತ್ತದೆ, ಬಾಡಿಗೆಯನ್ನು ತರುವುದಿಲ್ಲ. ಶಿವಮೊಗ್ಗದಿಂದ ಅಡಿಕೆ ಒಯ್ಯುವ ಲಾರಿಗಳು ಮತ್ತು ಭದ್ರಾವತಿಗೆ ಕಚ್ಚಾ ವಸ್ತು ತರುವ ಲಾರಿಗಳು ಯಾವ ದಿನ, ಯಾವ ದಿಕ್ಕಿನಲ್ಲಿ ಖಾಲಿಯಾಗಿ ಓಡುತ್ತವೆಂಬುದು ತಿಳಿದರೆ ವಾಪಸಾತಿ ಲೋಡನ್ನು ಮೊದಲೇ ಗೊತ್ತುಮಾಡಬಹುದು. ಗಾಂಧಿ ಬಜಾರಿನಂತಹ ಇಕ್ಕಟ್ಟಾದ ಪೇಟೆಯಲ್ಲಿ ಸರಕು ಇಳಿಸಲು ಯಾವ ಹೊತ್ತು ಸೂಕ್ತವೆಂಬುದನ್ನೂ ಊಹೆಯಿಂದಲ್ಲ, ಲೆಕ್ಕದಿಂದ ನಿರ್ಧರಿಸಬಹುದು. ಎರಡೂ ಊರುಗಳ ನಡುವೆ ಹಾದುಹೋಗುವ ಬಿ.ಎಚ್. ರಸ್ತೆಯ ದಟ್ಟಣೆಯನ್ನು ತಗ್ಗಿಸಲು ರಸ್ತೆ ಅಗಲೀಕರಣವೊಂದೇ ದಾರಿಯಲ್ಲ. ಪಾಳಿಯ ಸಮಯವನ್ನು ಹದಿನೈದು ನಿಮಿಷ ಹಿಂದೆ ಮುಂದೆ ಮಾಡುವುದೂ ಒಂದು ದಾರಿ.

ಲೆಕ್ಕಕ್ಕೆ ಬಾರದವರು

ಆದರೆ ಮಾಹಿತಿಯು ತನಗೆ ಕಂಡದ್ದನ್ನು ಮಾತ್ರ ಹೇಳುತ್ತದೆ. ಶಕ್ತಿ ಯೋಜನೆಯ ಟಿಕೆಟ್‌ಗಳು ಸರ್ಕಾರಿ ಬಸ್ಸಿನ ಪ್ರಯಾಣವನ್ನಷ್ಟೇ ಎಣಿಸುತ್ತವೆ. ಶಿವಮೊಗ್ಗ ಜಿಲ್ಲೆಯ ಅನೇಕ ಮಾರ್ಗಗಳಲ್ಲಿ, ವಿಶೇಷವಾಗಿ ಮಲೆನಾಡಿನ ಕಡೆಗೆ, ಜನರು ಬಹುಕಾಲದಿಂದ ಖಾಸಗಿ ಬಸ್ಸುಗಳನ್ನು ನೆಚ್ಚಿಕೊಂಡಿದ್ದಾರೆ. ಅಲ್ಲಿನ ಮಹಿಳೆಯರ ಪ್ರಯಾಣ ಈ ಲೆಕ್ಕದಲ್ಲಿ ಕಾಣಿಸುವುದಿಲ್ಲ. ಟಿಕೆಟ್ ಹೆಚ್ಚಿರುವ ಮಾರ್ಗಕ್ಕೇ ಹೊಸ ಬಸ್ಸು ಎಂದು ನಿರ್ಧರಿಸಿದರೆ, ಬಸ್ಸು ಇದ್ದವರಿಗೆ ಮತ್ತಷ್ಟು ಬಸ್ಸು, ಇಲ್ಲದವರಿಗೆ ಎಂದಿನಂತೆ ಕಾಯುವಿಕೆ ಎಂಬಂತಾಗುತ್ತದೆ.

ಕೊಪ್ಪದಲ್ಲಿ ನೌಕರರೇ 1991ರಲ್ಲಿ ಕಟ್ಟಿಕೊಂಡು ನಡೆಸಿದ ಸಹಕಾರ ಸಾರಿಗೆಯು 2020ರ ಫೆಬ್ರವರಿಯಲ್ಲಿ ಸ್ಥಗಿತಗೊಂಡಿತು. ಆ ಬಸ್ಸುಗಳನ್ನು ನಂಬಿದ್ದ ಹಳ್ಳಿಗಳ ಜನರ ಅಗತ್ಯ ಅಂದು ನಿಂತುಹೋಗಲಿಲ್ಲ. ಆ ಅಗತ್ಯವನ್ನು ದಾಖಲಿಸುತ್ತಿದ್ದ ಟಿಕೆಟ್ ಮಾತ್ರ ನಿಂತುಹೋಯಿತು. ದಾಖಲೆ ಇಲ್ಲವೆಂಬುದು ಬೇಡಿಕೆ ಇಲ್ಲವೆಂಬುದಕ್ಕೆ ಸಾಕ್ಷಿಯಾಗಲಾರದು.

ಅಮೆರಿಕದ ಬಾಸ್ಟನ್ ನಗರವು ರಸ್ತೆ ಗುಂಡಿಗಳನ್ನು ಗುರುತಿಸಲು ಮೊಬೈಲ್ ಆ್ಯಪ್ ಒಂದನ್ನು ರೂಪಿಸಿದಾಗ ಇದೇ ತೊಡಕು ಎದುರಾಯಿತು. ಕಾರು ಕುಲುಕಿದಾಗ ಫೋನ್ ತಾನಾಗಿ ವರದಿ ಕಳುಹಿಸುವ ವ್ಯವಸ್ಥೆ ಅದು. ಸ್ಮಾರ್ಟ್‌ಫೋನ್ ಹೆಚ್ಚಾಗಿದ್ದ ಅನುಕೂಲಸ್ಥರ ಬಡಾವಣೆಗಳ ಗುಂಡಿಗಳೇ ಹೆಚ್ಚು ವರದಿಯಾಗಿ, ಬಡವರ ಬೀದಿಗಳು ಹಿಂದೆ ಬೀಳುವ ಅಪಾಯವನ್ನು ಅಲ್ಲಿನವರು ಮನಗಂಡು, ಎಲ್ಲ ಬಡಾವಣೆಗಳಿಗೂ ಹೋಗುವ ನಗರಾಡಳಿತದ ವಾಹನಗಳ ಮೂಲಕವೂ ಮಾಹಿತಿ ಸಂಗ್ರಹಿಸಿದರು. ನಮ್ಮಲ್ಲಿ ಸೈಕಲ್ ತುಳಿದು, ನಡೆದು, ಆಟೋ ಹಂಚಿಕೊಂಡು ಕೆಲಸಕ್ಕೆ ಬರುವ ಕಾರ್ಮಿಕರನ್ನೂ ಇದೇ ರೀತಿ ಪ್ರತ್ಯೇಕವಾಗಿ ಎಣಿಸಬೇಕಾಗುತ್ತದೆ.

ಮಾಹಿತಿಗೂ ವಯಸ್ಸುಂಟು ಎಂಬುದನ್ನು ಭದ್ರಾವತಿ ಚೆನ್ನಾಗಿ ಬಲ್ಲದು. ಮೈಸೂರು ಕಾಗದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತ ಮೇಲೆ, ಅದರ ಪಾಳಿಗಳನ್ನು ಆಧರಿಸಿದ ಹಳೆಯ ಲೆಕ್ಕದಿಂದ ಇಂದಿನ ಬಸ್ಸಿನ ವೇಳಾಪಟ್ಟಿಯನ್ನು ಮಾಡಲಾಗದು.

ಹೆಸರು ಅಳಿಸಿದರೆ ಸಾಲದು

ಹೆಸರು ತೆಗೆದುಹಾಕಿದ ಮಾಹಿತಿ ನಿರಪಾಯಕಾರಿ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಸರಿಯಲ್ಲ. 15 ಲಕ್ಷ ಮೊಬೈಲ್ ಬಳಕೆದಾರರ ಹೆಸರಿಲ್ಲದ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಒಬ್ಬ ವ್ಯಕ್ತಿ ಯಾವ ಹೊತ್ತಿನಲ್ಲಿ ಎಲ್ಲಿದ್ದನೆಂಬ ಕೇವಲ ನಾಲ್ಕು ಬಿಂದುಗಳಿದ್ದರೆ ಶೇ. 95ರಷ್ಟು ಮಂದಿಯನ್ನು ಉಳಿದವರಿಂದ ಬೇರ್ಪಡಿಸಿ ಗುರುತಿಸಬಹುದು. ನ್ಯೂಯಾರ್ಕ್ ನಗರದಲ್ಲಿ 2013ರ ಸುಮಾರು 17.3 ಕೋಟಿ ಟ್ಯಾಕ್ಸಿ ಪ್ರಯಾಣಗಳ ದಾಖಲೆ 2014ರಲ್ಲಿ ಹೊರಬಂದಾಗ ಟ್ಯಾಕ್ಸಿಗಳ ಪರವಾನಗಿ ಸಂಖ್ಯೆಗಳನ್ನು ಸಂಕೇತಗಳಾಗಿ ಮಾರ್ಪಡಿಸಲಾಗಿತ್ತು. ಸಂಖ್ಯೆಗಳ ಮಾದರಿ ಚಿಕ್ಕದಾಗಿದ್ದ ಕಾರಣ ಸಂಕೇತಗಳನ್ನು ಬಿಡಿಸಲು ಹೆಚ್ಚು ಸಮಯ ಬೇಕಾಗಲಿಲ್ಲ. ಚಾಲಕರ ಗಳಿಕೆಯನ್ನೂ ಲೆಕ್ಕಹಾಕುವುದು ಸಾಧ್ಯವಾಯಿತು.

ವರ್ತಕರಿಗೆ ಇದರ ಅರ್ಥ ಸ್ಪಷ್ಟ. ಒಂದು ಟೆಂಪೋದ ತಿಂಗಳ ಜಿಪಿಎಸ್ ದಾಖಲೆ ಎಂದರೆ ಅದು ಗಿರಾಕಿಗಳ ಪಟ್ಟಿ. ಯಾವ ಅಂಗಡಿಗೆ ವಾರಕ್ಕೆ ಎಷ್ಟು ಬಾರಿ ಸರಕು ಹೋಗುತ್ತದೆ, ಯಾವ ಊರಿನ ವ್ಯಾಪಾರ ಕುಗ್ಗಿದೆ ಎಂಬುದೆಲ್ಲ ಅದರಲ್ಲಿದೆ. ತಮ್ಮ ಖಾತೆ ಪುಸ್ತಕವನ್ನು ಪ್ರತಿಸ್ಪರ್ಧಿಯ ಕೈಗೆ ಕೊಡದ ವ್ಯಾಪಾರಿ, ಇದನ್ನು ಸಾಧನ ಪೂರೈಸುವ ಸಂಸ್ಥೆಯ ಬಳಿ ಷರತ್ತುಗಳಿಲ್ಲದೆ ಬಿಡುವುದು ಜಾಣತನವಲ್ಲ. ವಾಹನ ನೋಂದಣಿ ಮಾಹಿತಿಯನ್ನು ಸಗಟಾಗಿ ಮಾರುವ ನೀತಿಯನ್ನು 2019ರಲ್ಲಿ ಪ್ರಕಟಿಸಿದ ಕೇಂದ್ರ ಸಾರಿಗೆ ಸಚಿವಾಲಯವೇ ಖಾಸಗಿತನದ ಆತಂಕಗಳ ಹಿನ್ನೆಲೆಯಲ್ಲಿ 2020ರಲ್ಲಿ ಅದನ್ನು ಕೈಬಿಟ್ಟಿತೆಂಬುದು ಇಲ್ಲಿ ಗಮನಾರ್ಹ.

ಕಾನೂನಿನ ಚೌಕಟ್ಟು

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕು ಎಂದು ತೀರ್ಪಿತ್ತಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂದಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಬಹುಪಾಲು ಹೊಣೆಗಾರಿಕೆಗಳು ಆ ಪ್ರಕಟಣೆಯಿಂದ 18 ತಿಂಗಳ ತರುವಾಯ ಅನ್ವಯಿಸುತ್ತವೆ. ಮಾಹಿತಿ ಸೋರಿಕೆಯಾಗದಂತೆ ಸೂಕ್ತ ರಕ್ಷಣೆ ಒದಗಿಸದಿದ್ದಲ್ಲಿ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಉದ್ಯೋಗದ ಉದ್ದೇಶಗಳಿಗಾಗಿ ನೌಕರರ ಮಾಹಿತಿಯನ್ನು ಬಳಸಲು ಕಾಯಿದೆ ಎಡೆಗೊಟ್ಟಿದೆ. ಆದರೆ ಕೆಲಸ ಮುಗಿಸಿ ಮನೆಗೆ ಹೋದ ಚಾಲಕನ ಹಿಂದೆ ಬೀಳುವುದು ಆ ಉದ್ದೇಶದೊಳಗೆ ಬರುತ್ತದೆಂದು ಸಮರ್ಥಿಸಿಕೊಳ್ಳುವುದು ಕಠಿಣ. ಸಮ್ಮತಿ ಕೇಳುವಾಗ ನೀಡುವ ಸೂಚನೆಯನ್ನು ಕನ್ನಡದಲ್ಲಿ ಪಡೆಯುವ ಆಯ್ಕೆಯೂ ಜನರಿಗಿದೆ.

ಉದ್ದಿಮೆದಾರರು ಅನುಸರಿಸಬಹುದಾದ ಕ್ರಮಗಳು

1. ಉದ್ದೇಶವನ್ನು ಮೊದಲು ಬರೆದಿಡುವುದು. ಡೀಸೆಲ್ ಉಳಿತಾಯಕ್ಕೆಂದು ಅಳವಡಿಸಿದ ಜಿಪಿಎಸ್ ಅದಕ್ಕೇ ಬಳಕೆಯಾಗಬೇಕು. ಚಾಲಕರಿಗೆ ಇದನ್ನು ಕನ್ನಡದಲ್ಲಿ ತಿಳಿಸಬೇಕು.

2. ಅಗತ್ಯವಿರುವಷ್ಟನ್ನೇ ಸಂಗ್ರಹಿಸುವುದು. ದಿನಕ್ಕೆ ಓಡಿದ ಕಿಲೋಮೀಟರ್ ಸಾಕಾದರೆ ನಿಮಿಷ ನಿಮಿಷದ ಸ್ಥಳ ಬೇಕಿಲ್ಲ.

3. ಬಿಡಿ ದಾಖಲೆಗಳನ್ನು ಉಳಿಸಿಕೊಳ್ಳುವ ಅವಧಿಯನ್ನು ಗೊತ್ತುಮಾಡುವುದು. ತೆರಿಗೆ ಕಾನೂನಿಗೆ ಬೇಕಾದ ದಾಖಲೆಗಳನ್ನು ಹೊರತುಪಡಿಸಿ ಉಳಿದವನ್ನು ಕಾಲಕಾಲಕ್ಕೆ ಅಳಿಸುವುದು.

4. ಸಾಧನ ಪೂರೈಸುವವರೊಂದಿಗಿನ ಕರಾರಿನಲ್ಲಿ ಮಾಹಿತಿಯನ್ನು ಮೂರನೆಯವರಿಗೆ ಕೊಡಬಾರದೆಂಬ, ಕರಾರು ಮುಗಿದಾಗ ಅಳಿಸಬೇಕೆಂಬ ಷರತ್ತುಗಳನ್ನು ಸೇರಿಸುವುದು.

5. ಹಂಚಿಕೊಳ್ಳುವಾಗ ಮೊತ್ತವನ್ನು ಮಾತ್ರ ಹಂಚಿಕೊಳ್ಳುವುದು.

ಕೊನೆಯ ಅಂಶಕ್ಕೆ ಒಂದು ಉದಾಹರಣೆ ನೋಡಬಹುದು. ಶಿವಮೊಗ್ಗ ಮತ್ತು ಭದ್ರಾವತಿಗಳ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಆರು ಘಟಕಗಳಲ್ಲಿ ಎರಡನೆಯ ಪಾಳಿ ರಾತ್ರಿ ಹತ್ತರ ಆಸುಪಾಸಿನಲ್ಲಿ ಮುಗಿಯುತ್ತದೆ ಎಂದುಕೊಳ್ಳೋಣ. ಕಾರ್ಮಿಕರ ಹೆಸರು, ಮನೆ ವಿಳಾಸ, ಮೊಬೈಲ್ ಸಂಖ್ಯೆ ಯಾವುದೂ ಬೇಕಿಲ್ಲ. ಪಾಳಿ ಮುಗಿಯುವ ಸಮಯ, ಭದ್ರಾವತಿಯ ಕಡೆಗೆ ಹೋಗುವವರೆಷ್ಟು, ಶಿವಮೊಗ್ಗದ ಕಡೆಗೆ ಹೋಗುವವರೆಷ್ಟು, ಅವರಲ್ಲಿ ಮಹಿಳೆಯರೆಷ್ಟು ಎಂಬ ನಾಲ್ಕು ಅಂಕಣಗಳ ಪಟ್ಟಿ ಸಾಕು. ಹತ್ತಕ್ಕಿಂತ ಕಡಿಮೆ ಮಂದಿ ಇರುವ ಘಟಕದ ಲೆಕ್ಕವನ್ನು ಪಕ್ಕದ ಘಟಕದೊಂದಿಗೆ ಕೂಡಿಸಿದರೆ ಯಾರನ್ನೂ ಗುರುತಿಸುವುದು ಸುಲಭವಾಗದು. ಈ ಪಟ್ಟಿಯನ್ನು ಕೆಎಸ್‌ಆರ್‌ಟಿಸಿ ವಿಭಾಗೀಯ ಕಚೇರಿಗೂ, ಖಾಸಗಿ ಬಸ್ಸುಗಳಿಗೆ ರಹದಾರಿ ನೀಡುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೂ ಸಲ್ಲಿಸಿ ಬಸ್ಸಿನ ಬೇಡಿಕೆಯನ್ನು ಮುಂದಿಡಬಹುದು. ರಾತ್ರಿ ಪಾಳಿಯಿಂದ ಸುರಕ್ಷಿತವಾಗಿ ಮನೆ ಸೇರುವ ಭರವಸೆಯಿದ್ದರೆ ಕೆಲಸಗಾರರು ಕೆಲಸ ಬಿಡುವುದೂ ಕಡಿಮೆಯಾಗುತ್ತದೆ. ಹತ್ತಾರು ದ್ವಿಚಕ್ರ ವಾಹನಗಳ ಬದಲಿಗೆ ಒಂದು ಬಸ್ಸು ಓಡಿದರೆ ಇಂಧನವೂ ಉಳಿಯುತ್ತದೆ.

ಇಂತಹ ಲೆಕ್ಕವನ್ನು ಆರು ತಿಂಗಳಿಗೊಮ್ಮೆ ಹೊಸದಾಗಿ ಮಾಡಬೇಕು. ಇದಕ್ಕೆ ಬೆಲೆಬಾಳುವ ತಂತ್ರಾಂಶವೇನೂ ಬೇಕಾಗಿಲ್ಲ. ಪ್ರತಿ ಘಟಕದ ಹಾಜರಿ ಪುಸ್ತಕ ಮತ್ತು ಒಂದು ಗಂಟೆಯ ಶ್ರಮ ಸಾಕು.