ಮಗು ಮರೆಯುವ ಮುನ್ನ

ತಾಯಿ ತೀರಿಕೊಂಡ ಮೇಲೆ ಕೂಸು ಅಜ್ಜಿಯ ಮನೆ ಸೇರುತ್ತದೆ. ಅಳಿಯನಿಗೂ ಅತ್ತೆ-ಮಾವನಿಗೂ ಮಾತು ನಿಲ್ಲುತ್ತದೆ. ವ್ಯಾಜ್ಯ ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲೇರಿ, ಮಗು ಅಜ್ಜ-ಅಜ್ಜಿಯ ಸುಪರ್ದಿಗೇ ಹೋದರೆ ಅಪ್ಪನಿಗೆ ಉಳಿಯುವುದು ಭೇಟಿಯ ಹಕ್ಕು ಮಾತ್ರ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯೂ 1956ರ ಹಿಂದೂ ಅಪ್ರಾಪ್ತ ವಯಸ್ಕರ ಕಾಯ್ದೆಯೂ ನೋಡುವುದು ಮಗುವಿನ ಹಿತವನ್ನು. ಹೆತ್ತವರೆಂಬ ಒಂದೇ ಕಾರಣಕ್ಕೆ ಮಗು ಕೈಸೇರುವುದಿಲ್ಲ. ಪತ್ನಿಯ ಸಾವಿನ ಮೊಕದ್ದಮೆ ಎದುರಿಸುತ್ತಿದ್ದ ತಂದೆಯೊಬ್ಬನ ಪರವಾಗಿ ಬಂದಿದ್ದ ಆದೇಶವನ್ನು 2008ರಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿ, ಬಾಲಕನನ್ನು ತಾಯಿಯ ತಂದೆ-ತಾಯಿಯ ಬಳಿಯೇ ಉಳಿಸಿತು.

ಇನ್ನು ಭೇಟಿ. ಎಷ್ಟು ಗಂಟೆ, ಯಾವ ವಾರ ಎಂದು ವಕೀಲರು ಜಗ್ಗಾಡುತ್ತಾರೆ. ಎಳೆಯ ಮಗುವಿನ ಮಟ್ಟಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ, ಎರಡು ಭೇಟಿಗಳ ನಡುವೆ ಎಷ್ಟು ದಿನ ಕಳೆಯುತ್ತವೆ ಎಂಬುದು.

ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಕ್ಯಾರೊಲಿನ್ ರೋವಿ-ಕಾಲಿಯರ್ ಹಸುಳೆಗಳ ನೆನಪನ್ನು ಅಳೆದ ಬಗೆ ಸೊಗಸಾಗಿದೆ. ತೊಟ್ಟಿಲ ಮೇಲೆ ತೂಗುವ ಆಟಿಕೆಗೂ ಕೂಸಿನ ಕಾಲಿಗೂ ಒಂದು ರಿಬ್ಬನ್ ಕಟ್ಟಿದರು. ಕಾಲು ಝಾಡಿಸಿದರೆ ಆಟಿಕೆ ಕುಣಿಯುತ್ತದೆ. ಕೂಸಿಗೆ ಇದು ನಿಮಿಷಗಳಲ್ಲೇ ತಿಳಿಯುತ್ತದೆ. ಕೆಲವು ದಿನ ಬಿಟ್ಟು, ಈ ಸಲ ಆಟಿಕೆಗೆ ರಿಬ್ಬನ್ ಕಟ್ಟದೆ, ಅದೇ ಆಟಿಕೆಯಡಿ ಕೂಸನ್ನು ಮಲಗಿಸಿದರು. ನೆನಪಿದ್ದರೆ ಅದು ಜೋರಾಗಿ ಒದೆಯಬೇಕು. ಎರಡು ತಿಂಗಳ ಕೂಸಿನ ನೆನಪು ಒಂದೆರಡು ದಿನಕ್ಕೇ ಅಳಿಯಿತು. ಮೂರು ತಿಂಗಳಿಗೆ ಸುಮಾರು ಒಂದು ವಾರ, ಆರು ತಿಂಗಳಿಗೆ ಎರಡು ವಾರ ಉಳಿಯಿತು. ಬೇರೆ ಆಟಿಕೆಯಿಂದ ಪರೀಕ್ಷಿಸಿದ ಒಂದೂವರೆ ವರ್ಷದ ಮಕ್ಕಳಲ್ಲಿ ಸುಮಾರು ಮೂರು ತಿಂಗಳು.

ಕುತೂಹಲದ ಸಂಗತಿ ಮುಂದಿದೆ. ಮರೆತೇಹೋಯಿತು ಎನ್ನುವಾಗ, ಹದಿಮೂರನೆಯ ದಿನ, ಸಂಶೋಧಕರೇ ಮೂರು ನಿಮಿಷ ಆ ಆಟಿಕೆಯನ್ನು ಕುಣಿಸಿ ತೋರಿಸಿದರು. ಮರುದಿನ ಮೂರು ತಿಂಗಳ ಕೂಸು ಮೊದಲಿನಂತೆಯೇ ಒದೆಯಿತು! 1980ರಲ್ಲಿ ಪ್ರಕಟವಾದ ಫಲಿತಾಂಶವಿದು. ಮೂರೇ ನಿಮಿಷ.

ತೂಗುವ ಆಟಿಕೆಯ ನೆನಪು ಅಪ್ಪನ ಮೇಲಿನ ಅಕ್ಕರೆಯಲ್ಲ. ಒಂದರ ಅಳತೆಯನ್ನು ಇನ್ನೊಂದಕ್ಕೆ ನೇರವಾಗಿ ಹೊಂದಿಸಲಾಗದು. ಆದರೂ ತಿಂಗಳಿಗೊಮ್ಮೆ ಎಂಟು ಗಂಟೆಗಿಂತ ವಾರಕ್ಕೆರಡು ಸಲ ಒಂದೊಂದು ಗಂಟೆ ಎಳೆಮಗುವಿಗೆ ಒಳಿತೆಂದು ನನಗನಿಸುವುದು ಇದರಿಂದಲೇ.

ಅಜ್ಜಿಯ ಭಯ ಬೇರೆ: ಅಪ್ಪನಿಗೆ ಒಗ್ಗಿಕೊಂಡರೆ ಮಗು ತನ್ನಿಂದ ದೂರವಾದೀತು. ಗ್ಲಾಸ್ಗೋದಲ್ಲಿ ಶಾಫರ್ ಮತ್ತು ಎಮರ್ಸನ್ 60 ಶಿಶುಗಳನ್ನು ಅವುಗಳ ಮನೆಯಲ್ಲೇ ಗಮನಿಸಿ 1964ರಲ್ಲಿ ಬರೆದ ವರದಿ ಈ ಭಯಕ್ಕೆ ಆಧಾರ ಕೊಡುವುದಿಲ್ಲ. ಒಂದೂವರೆ ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು ಒಬ್ಬರಿಗಿಂತ ಹೆಚ್ಚು ಜನರನ್ನು ಹಚ್ಚಿಕೊಂಡಿದ್ದವು. ಅಪ್ಪಂದಿರೂ ಇದ್ದರು, ಅಜ್ಜ-ಅಜ್ಜಿಯರೂ ಇದ್ದರು.

ಇಷ್ಟಾದರೂ ಮೊದಲ ಭೇಟಿ ಸಾಮಾನ್ಯವಾಗಿ ಕೆಡುತ್ತದೆ. ಮಗು ಅಜ್ಜಿಯ ಸೆರಗು ಬಿಡುವುದಿಲ್ಲ, ಅಪ್ಪ ತಂದ ಗೊಂಬೆಯತ್ತ ಕಣ್ಣೆತ್ತುವುದಿಲ್ಲ. "ನೋಡಿ, ಅದಕ್ಕೇ ಇಷ್ಟವಿಲ್ಲ" ಎಂದು ಒಂದು ಕಡೆ, "ತಲೆ ಕೆಡಿಸಿದ್ದಾರೆ" ಎಂದು ಇನ್ನೊಂದು ಕಡೆ. ಇಬ್ಬರೂ ಆತುರಪಡುತ್ತಿರಬಹುದು. 1950ರ ದಶಕದಲ್ಲಿ ಲಂಡನ್ನಿನ ಜೇಮ್ಸ್ ರಾಬರ್ಟ್‌ಸನ್ ಮತ್ತು ಜಾನ್ ಬೌಲ್ಬಿ, ಹೆತ್ತವರಿಂದ ಅಗಲಿ ಆಸ್ಪತ್ರೆಯಲ್ಲಿದ್ದ ಪುಟ್ಟ ಮಕ್ಕಳನ್ನು ಗಮನಿಸಿದರು. ಮೊದಲು ರಂಪ, ಆಮೇಲೆ ಮಂಕು, ಕೊನೆಗೆ ಅಮ್ಮ ಎದುರು ನಿಂತರೂ ಗುರುತೇ ಇಲ್ಲದಂಥ ನಿರ್ಲಿಪ್ತತೆ. ಮುಖ ತಿರುಗಿಸುವುದು ಅಗಲಿಕೆಯ ಪೆಟ್ಟಿನ ಗುರುತೂ ಆಗಿರಬಹುದು. ಮಗು ನಿಜಕ್ಕೂ ಹೆದರುವ ಮನೆಗಳೂ ಇವೆ. ಹಿಂಸೆ ನಡೆದಿದ್ದರೆ ಈ ಲೆಕ್ಕವೆಲ್ಲ ಬೇರೆ.

ಒಂದು ವರ್ಷದ ಮಗು ಹೊಸ ಕೋಣೆಯಲ್ಲಿ ತನ್ನವರು ಕಣ್ಣೆದುರಿದ್ದರೆ ಆಡುತ್ತದೆ, ಅವರು ಎದ್ದುಹೋದರೆ ಆಟ ನಿಲ್ಲಿಸುತ್ತದೆ ಎಂದು ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್ ತೋರಿಸಿದರು. ಹಾಗಾಗಿ ಅಜ್ಜಿಯನ್ನು ಹೊರಗೆ ಕೂರಿಸಿ ಅಪ್ಪನ ಕೈಗೆ ಮಗುವನ್ನು ಕೊಡುವುದು ಅಪ್ಪನಿಗೇ ನಷ್ಟ. ಮೊದಲ ಕೆಲವು ಭೇಟಿಗಳಿಗೆ ಅಜ್ಜಿಯೂ ಅಲ್ಲೇ ಇರಲಿ ಎಂದು ತಂದೆಯ ವಕೀಲರೇ ಕೇಳಬೇಕು.

ದೂರದ ಊರಿನವರಿಗೆ ವಿಡಿಯೊ ಕರೆ ಇದೆ. ಒಂದೂವರೆ ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೆಂದ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ವಿಡಿಯೊ ಕರೆಗೆ ವಿನಾಯಿತಿ ಕೊಟ್ಟಿತು. ನಮ್ಮ ಸುಪ್ರೀಂ ಕೋರ್ಟ್ ಕೂಡ 2020ರ ತೀರ್ಪೊಂದರಲ್ಲಿ, ಗಂಡ-ಹೆಂಡಿರ ವ್ಯಾಜ್ಯದ ಸಂದರ್ಭದಲ್ಲಿ, ಮಗುವಿನಿಂದ ದೂರವಿರುವ ಪೋಷಕರಿಗೆ ದಿನಕ್ಕೆ ಐದರಿಂದ ಹತ್ತು ನಿಮಿಷ ಮಾತಾಡುವ ಅವಕಾಶವಿರಬೇಕೆಂದಿತು. ಭೇಟಿಯ ಆದೇಶ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಪರಿಸ್ಥಿತಿ ಬದಲಾದರೆ ಮಾರ್ಪಾಡು ಕೋರಿ ಅರ್ಜಿ ಹಾಕಬಹುದು. ಎರಡರ ವಯಸ್ಸಿಗೆ ಬರೆದ ವೇಳಾಪಟ್ಟಿಯಲ್ಲೇ ಏಳು ವರ್ಷದ ಮಗುವನ್ನು ಇಡಬೇಕಿಲ್ಲ. ಆ ಹೊತ್ತಿಗೆ ಮಗುವಿನ ಇಷ್ಟವನ್ನೇ ಕೇಳುವ ಅಧಿಕಾರವೂ ನ್ಯಾಯಾಧೀಶರಿಗಿದೆ.