ಪಹಣಿಯ ಕಾಲಂಗಳು, ಡೇಟಾಬೇಸಿನ ಕೊಂಡಿಗಳು

ಸ್ಕಂದಗಿರಿಯ ಬುಡದ ಕಳವಾರ ಗ್ರಾಮದ್ದಾಗಲಿ, ಶಿಡ್ಲಘಟ್ಟದ ಹಿಪ್ಪುನೇರಳೆ ತೋಟದ್ದಾಗಲಿ, ಪಹಣಿಯೊಂದರಲ್ಲಿ ಸರ್ವೆ ನಂಬರು, ಹಿಸ್ಸಾ ಮತ್ತು ವಿಸ್ತೀರ್ಣದ ಜೊತೆಗೆ ಒಂಬತ್ತನೇ ಕಾಲಂನಲ್ಲಿ ಖಾತೆದಾರರ ಹೆಸರು, ಹನ್ನೊಂದರಲ್ಲಿ ಸಾಲ ಮೊದಲಾದ ಋಣಗಳು, ಹನ್ನೆರಡರಲ್ಲಿ ಸಾಗುವಳಿಯ ವಿವರ ಒಂದೇ ಹಾಳೆಯಲ್ಲಿ ದೊರೆಯುತ್ತವೆ. ಇಂತಹ ಸುಮಾರು 2 ಕೋಟಿ ಪಹಣಿಗಳನ್ನು ಕರ್ನಾಟಕದ ‘ಭೂಮಿ’ ಯೋಜನೆಯು ಈ ಶತಮಾನದ ಆರಂಭದಲ್ಲಿ ಗಣಕೀಕರಿಸಿತು.

ಕಾಗದದ ಮೇಲೆ ಒಟ್ಟಾಗಿ ಕಾಣುವ ಈ ವಿವರಗಳನ್ನು ಕಂಪ್ಯೂಟರಿನಲ್ಲಿಯೂ ಒಂದೇ ಕೋಷ್ಟಕದಲ್ಲಿ ತುಂಬಿದರೆ, ನಾಲ್ಕು ಸರ್ವೆ ನಂಬರುಗಳಲ್ಲಿ ಜಮೀನು ಹೊಂದಿರುವ ರೈತರ ಹೆಸರನ್ನು ನಾಲ್ಕು ಸಲ ಬರೆಯಬೇಕಾಗುತ್ತದೆ; ಒಂದು ಕಡೆ ತಿದ್ದಿ ಉಳಿದೆಡೆ ಬಿಟ್ಟರೆ ದಾಖಲೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಆದ್ದರಿಂದ ರೈತರಿಗೊಂದು, ಜಮೀನಿಗೊಂದು ಕೋಷ್ಟಕವಿಟ್ಟು, ಪ್ರತಿ ಸಾಲಿಗೂ ನೀಡಿದ ಗುರುತು ಸಂಖ್ಯೆಯ ಮೂಲಕ ಅವುಗಳನ್ನು ಬೆಸೆಯಲಾಗುತ್ತದೆ. ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದ ಸಂಬಂಧಾತ್ಮಕ ಡೇಟಾಬೇಸಿನ ತತ್ತ್ವ ಇದಕ್ಕೆ ಆಧಾರ.

ಜಂಟಿ ಖಾತೆಯಲ್ಲಿ ಈ ಬೆಸುಗೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಒಂದು ಜಮೀನಿಗೆ ಹಲವು ಖಾತೆದಾರರು, ಒಬ್ಬ ಖಾತೆದಾರರಿಗೆ ಹಲವು ಜಮೀನುಗಳು ಇರುವಾಗ, ಒಬ್ಬೊಬ್ಬರ ಪಾಲಿನ ಎಕರೆ-ಗುಂಟೆ ಕೇವಲ ರೈತರ ಗುಣವೂ ಅಲ್ಲ, ಕೇವಲ ಜಮೀನಿನ ಗುಣವೂ ಅಲ್ಲ. ಅದು ಇವೆರಡರ ನಡುವಿನ ಸಂಬಂಧಕ್ಕೆ ಸೇರಿದ್ದಾದ್ದರಿಂದ ಅದಕ್ಕೆ ‘ಹಿಡುವಳಿ’ ಎಂಬ ಮೂರನೆಯ ಕೋಷ್ಟಕವೇ ಬೇಕು. ಇದನ್ನು ಸರಿಯಾಗಿ ಗುರುತಿಸುವುದೇ ಇಡೀ ವಿನ್ಯಾಸದ ತಿರುಳು.

2005ರಲ್ಲಿ ಸಾರ್ವಜನಿಕ ಬಳಕೆಗೆ ಬಂದ ಜಾಂಗೋದಂತಹ ವೆಬ್ ಫ್ರೇಮ್‌ವರ್ಕ್‌ಗಳಲ್ಲಿ, ಅಂದರೆ ಜಾಲತಾಣ ಕಟ್ಟಲು ಬೇಕಾದ ಸಿದ್ಧ ಚೌಕಟ್ಟುಗಳಲ್ಲಿ, ಪ್ರತಿ ಕೋಷ್ಟಕಕ್ಕೂ ‘ಮಾಡೆಲ್’ ಎಂಬ ಪ್ರತಿರೂಪವನ್ನು ಬರೆಯಲಾಗುತ್ತದೆ. ತಂತ್ರಾಂಶ ಬರೆಯುವವರು ಜಮೀನಿನ ಮಾಡೆಲ್‌ನಿಂದ ಹಿಡುವಳಿಗೆ, ಅಲ್ಲಿಂದ ರೈತರ ಹೆಸರಿಗೆ ಚುಕ್ಕಿ ಹಾಕುತ್ತ ಸಾಗಿದರೆ ಸಾಕು, ಡೇಟಾಬೇಸಿಗೆ ತಿಳಿಯುವ ಎಸ್‌ಕ್ಯೂಎಲ್ ಭಾಷೆಯ ಪ್ರಶ್ನೆಗಳನ್ನು, ಅಂದರೆ ಕ್ವೆರಿಗಳನ್ನು, ಫ್ರೇಮ್‌ವರ್ಕ್ ತಾನೇ ರಚಿಸಿಕೊಳ್ಳುತ್ತದೆ.

ಈ ಅನುಕೂಲದಲ್ಲಿಯೇ ಅಪಾಯವೂ ಅಡಗಿದೆ. ಒಂದು ಗ್ರಾಮದ 200 ಸರ್ವೆ ನಂಬರುಗಳನ್ನು ಒಂದೇ ಕ್ವೆರಿಯಲ್ಲಿ ತರಿಸಿಕೊಂಡು, ಅನಂತರ ಒಂದೊಂದರ ಹಿಡುವಳಿಗಳನ್ನೂ ಪ್ರತ್ಯೇಕವಾಗಿ ಕೇಳುತ್ತ ಹೋದರೆ ಒಟ್ಟು 201 ಕ್ವೆರಿಗಳಾಗುತ್ತವೆ. ಪ್ರತಿ ಹಿಡುವಳಿಯ ರೈತರ ಹೆಸರನ್ನೂ ಹಾಗೆಯೇ ಕೇಳಿದರೆ ಸಂಖ್ಯೆ ಇನ್ನೂ ಏರಿ ಉತ್ತರ ತಡವಾಗುತ್ತದೆ. ಪರೀಕ್ಷೆಗೆಂದು ಐದು ಸಾಲುಗಳನ್ನಷ್ಟೇ ತುಂಬಿದಾಗ ಈ ದೋಷ ಕಣ್ಣಿಗೆ ಬೀಳುವುದಿಲ್ಲ. ನಾಡಕಚೇರಿಯ ಮುಂದೆ ಸರದಿ ನಿಂತಾಗ ಮಾತ್ರ ಗೊತ್ತಾಗುತ್ತದೆ. ಜಾಂಗೋದಲ್ಲಿ ‘ಪ್ರಿಫೆಚ್ ರಿಲೇಟೆಡ್’ ಎಂಬ ಸೂಚನೆಯ ಮೂಲಕ ಸಂಬಂಧಿತ ದಾಖಲೆಗಳನ್ನು ಮೊದಲೇ ಒಟ್ಟಾಗಿ ತರಿಸಿಕೊಂಡರೆ, ಜಮೀನು, ಹಿಡುವಳಿ, ರೈತ ಎಂಬ ಮೂರಕ್ಕೆ ಮೂರೇ ಕ್ವೆರಿಗಳು ಸಾಕಾಗುತ್ತವೆ.

ಸಾರ್ವಜನಿಕ ದಾಖಲೆಗಳ ತಂತ್ರಾಂಶವನ್ನು ಬರೆಯುವವರು ಫ್ರೇಮ್‌ವರ್ಕ್ ತಮ್ಮ ಪರವಾಗಿ ಕಳುಹಿಸುವ ಎಸ್‌ಕ್ಯೂಎಲ್ ಸಾಲುಗಳನ್ನು ಒಮ್ಮೆಯಾದರೂ ತೆರೆದು ಓದಿ, ಎಣಿಸಿ ನೋಡಬೇಕು.